ವಿಶೇಷ ಚೇತನ ಮಕ್ಕಳಿಗೂ ತೆರೆಯಲಿ ಈಜುಕೊಳದ ಬಾಗಿಲು

ಜಲಚಿಕಿತ್ಸೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪ್ರಕೃತಿ ಚಿಕಿತ್ಸಾಲಯಗಳ ಕಟಿಸ್ನಾನ, ಹಬೆಸ್ನಾನ, ಹೊಟ್ಟೆಗೆ ಕಟ್ಟುವ ಒದ್ದೆಬಟ್ಟೆಯ ಪಟ್ಟಿ. ಇಲ್ಲಿ ವಿವೇಚಿಸಲು ಹೊರಟಿರುವುದು ಅದನ್ನಲ್ಲ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಡೌನ್ ಸಿಂಡ್ರೋಮ್, ಸ್ನಾಯುಕ್ಷಯ, ಬೆನ್ನುಹುರಿಯ ಹುಟ್ಟುದೋಷ ಮೊದಲಾದ ಸ್ಥಿತಿಗಳೊಂದಿಗೆ ಬೆಳೆಯುತ್ತಿರುವ ಮಕ್ಕಳನ್ನು ಬೆಚ್ಚಗಿನ ನೀರಿನ ಕೊಳಕ್ಕಿಳಿಸಿ, ನೀರನ್ನೇ ಆಸರೆಯಾಗಿಸಿಕೊಂಡು ದೇಹದ ಸಮತೋಲ, ಉಸಿರಿನ ಹಿಡಿತ, ಸ್ವತಂತ್ರ ಚಲನೆಗಳನ್ನು ಅಭ್ಯಾಸ ಮಾಡಿಸುವ ಕ್ರಮವೊಂದಿದೆ. ಆಸ್ಪತ್ರೆಗಳಲ್ಲಿ ಅದನ್ನು ಆಕ್ವಾಟಿಕ್ ಥೆರಪಿ ಅಥವಾ ಹೈಡ್ರೋಥೆರಪಿ ಎನ್ನುತ್ತಾರೆ. ಈ ಲೇಖನದಲ್ಲಿ ಜಲಚಿಕಿತ್ಸೆ ಎಂಬ ಮಾತು ಆ ಅರ್ಥದಲ್ಲಿ ಮಾತ್ರ ಬಂದಿದೆ.

ಬೆಂಗಳೂರಿನಂಥ ಮಹಾನಗರದಲ್ಲಿ ಈ ಸೌಲಭ್ಯ ಅಲ್ಲಲ್ಲಿ ದೊರೆಯುತ್ತದೆ. ಜಿಲ್ಲಾ ಕೇಂದ್ರಗಳಲ್ಲಿ ಅಪರೂಪ. ತಾಲ್ಲೂಕುಗಳಲ್ಲಿ ಅದರ ಹೆಸರೂ ಪರಿಚಿತವಲ್ಲ. ದೂರದಿಂದ ನೋಡುವ ವಸ್ತುವಿನ ಬಗ್ಗೆ ಕಲ್ಪನೆಗಳು ಹುಟ್ಟುವುದು ಸಹಜ. ಕೆಲವರು ಇದನ್ನು ಉಳ್ಳವರ ಮಕ್ಕಳ ವಿಲಾಸವೆಂದು ಬದಿಗಿಡುತ್ತಾರೆ. ಮತ್ತೆ ಕೆಲವರು, ಎಲ್ಲ ವೈದ್ಯರೂ ಕೈಚೆಲ್ಲಿದ ಮಗುವನ್ನು ನೀರು ನಡೆಸಿಬಿಡುತ್ತದೆಂದು ನಂಬಿ ಸಾಲ ಮಾಡಿಕೊಂಡು ಹೊರಡುತ್ತಾರೆ. ಎರಡೂ ನಿಲುವುಗಳು ಮಗುವಿಗೆ ಹಿತವಲ್ಲ. ನೀರಿನಲ್ಲಿ ಸುರಕ್ಷಿತವಾಗಿರಲು ಕಲಿಯುವುದು ಈ ಮಕ್ಕಳ ಪಾಲಿಗೆ ಮೊದಲು ಪ್ರಾಣದ ಪ್ರಶ್ನೆ, ಆಮೇಲೆ ಚಿಕಿತ್ಸೆಯ ಪ್ರಶ್ನೆ. ಅದಕ್ಕಾಗಿ ಹೊಸ ಕೊಳಗಳನ್ನು ಕಟ್ಟುವ ಮಾತಿಗಿಂತ ಮುಂಚೆ, ನಮ್ಮ ಊರುಗಳಲ್ಲಿ ಈಗಾಗಲೇ ಇರುವ ಕೊಳಗಳ ಬಾಗಿಲುಗಳು ಇವರಿಗಾಗಿ ತೆರೆಯಬೇಕು. ಇದು ಈ ಲೇಖನದ ವಾದ.

ನೆಲದ ಮೇಲೆ ನಿಲ್ಲಲು ಹೆಣಗುವ ಮಗುವಿಗೆ ತನ್ನ ಶರೀರದ ತೂಕವೇ ಮೊದಲ ಎದುರಾಳಿ. ಸೊಂಟದವರೆಗಿನ ನೀರಿನಲ್ಲಿ ನಿಂತಾಗ ಕಾಲುಗಳು ಹೊರಬೇಕಾದ ಭಾರ ಸುಮಾರು ಅರ್ಧಕ್ಕಿಳಿಯುತ್ತದೆ. ಕುತ್ತಿಗೆಯವರೆಗೆ ಇಳಿದರೆ ಉಳಿಯುವುದು ಹತ್ತರಲ್ಲೊಂದು ಪಾಲು. 20 ಕಿಲೋ ತೂಗುವ ಬಾಲಕನ ಪಾದಗಳಿಗೆ ಆಗ ತಾಕುವುದು 2 ಕಿಲೋದಷ್ಟೇ. ನೀರಿನಲ್ಲಿ ಬೀಳುವುದೂ ನಿಧಾನ. ಬೀಳುತ್ತಿದ್ದೇನೆಂದು ತಿಳಿದು ಸಾವರಿಸಿಕೊಳ್ಳಲು ಮಗುವಿಗೆ ಬಿಡುವು ದೊರೆಯುತ್ತದೆ. ನೆಲದ ಮೇಲೆ ಆ ಬಿಡುವು ಎಂದೂ ಸಿಗುವುದಿಲ್ಲ. ಸ್ನಾಯುಕ್ಷಯದಿಂದ ನೆಲದ ಮೇಲಿನ ನಡಿಗೆಯನ್ನು ಕಳೆದುಕೊಂಡ ಬಾಲಕರಲ್ಲಿ ಕೆಲವರು ಎದೆಮಟ್ಟದ ನೀರಿನಲ್ಲಿ ಇನ್ನೂ ಕೆಲಕಾಲ ನಡೆಯಬಲ್ಲರು. ಆ ಕೆಲಕಾಲ ಆ ಬಾಲಕನಿಗೆ ಎಷ್ಟು ದೊಡ್ಡದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೂಕ ಇಳಿಸುವುದಷ್ಟೇ ನೀರಿನ ಗುಣವಲ್ಲ. ಅದು ಸುತ್ತಲಿಂದ ಒಂದೇ ಸಮನೆ ದೇಹವನ್ನು ಒತ್ತುತ್ತದೆ. ಸ್ಪರ್ಶದ ಅರಿವಿನಲ್ಲಿ ಏರುಪೇರಿರುವ ಆಟಿಸಂ ಮಕ್ಕಳಲ್ಲಿ ಹಲವರು ಬಿಗಿಯಾಗಿ ಅಪ್ಪಿಕೊಂಡಾಗ ಶಾಂತರಾಗುವಂತೆ, ಈ ಒತ್ತಡದಲ್ಲಿಯೂ ಶಾಂತರಾಗುತ್ತಾರೆ. ಮೆಲ್ಲನೆ ಕೈಯಾಡಿಸಿದರೆ ನೀರು ದಾರಿ ಬಿಡುತ್ತದೆ, ರಭಸದಿಂದ ಆಡಿಸಿದರೆ ಅಷ್ಟೇ ರಭಸದಿಂದ ತಡೆಯುತ್ತದೆ. ಆದ್ದರಿಂದ ಪ್ರತಿ ಮಗುವಿನ ಶಕ್ತಿಗೆ ತಕ್ಕ ವ್ಯಾಯಾಮವನ್ನು ನೀರು ತಾನೇ ಅಳೆದು ಕೊಡುತ್ತದೆ. ನೀರಿನೊಳಗೆ ಬಾಯಿಟ್ಟು ಗುಳ್ಳೆ ಊದಿಸುವುದು ನೋಡುವವರಿಗೆ ಆಟವಷ್ಟೇ. ತುಟಿ ಮುಚ್ಚುವುದನ್ನೂ ಉಸಿರನ್ನು ಅಳತೆಯಿಂದ ಬಿಡುವುದನ್ನೂ ಮಗು ಅಲ್ಲಿ ಕಲಿಯುತ್ತದೆ.

ಇನ್ನು ಬಿಸಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಸಾಮಾನ್ಯ ಈಜುಕೊಳದ ನೀರು 26ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಈಜುಗಾರನಿಗೆ ಸೊಗಸು. ಕೈಕಾಲು ಹೆಚ್ಚು ಆಡಿಸಲಾರದ ಮಗುವಿಗೆ ಅದೇ ನೀರು ನಡುಕ ತರುತ್ತದೆ, ನಡುಗಿದಷ್ಟೂ ಸ್ನಾಯುಗಳ ಬಿಗಿತ ಏರುತ್ತದೆ. ಆದ್ದರಿಂದಲೇ ಚಿಕಿತ್ಸೆಯ ಕೊಳಗಳನ್ನು 33ರಿಂದ 35 ಡಿಗ್ರಿಯ ಆಸುಪಾಸಿನಲ್ಲಿಡುತ್ತಾರೆ. ಪುಸ್ತಕಗಳು ಹೇಳುವ ಮುನ್ನವೇ ತಾಯಂದಿರು ಇದನ್ನು ಬಲ್ಲರು. ಸೆರೆಬ್ರಲ್ ಪಾಲ್ಸಿಯ ಎಷ್ಟೋ ಮಕ್ಕಳ ತೊಡೆಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಂಡು, ಚಡ್ಡಿ ತೊಡಿಸುವುದೇ ದಿನನಿತ್ಯದ ಸಾಹಸವಾಗಿರುತ್ತದೆ. ಬಿಸಿನೀರಿನ ಸ್ನಾನವಾದ ಮೇಲೆ ಅವೇ ಕಾಲುಗಳು ಅಷ್ಟಿಷ್ಟು ಸಡಿಲುತ್ತವೆ. ಈ ಸಡಿಲಿಕೆ ಬಹುಕಾಲ ನಿಲ್ಲುವಂಥದಲ್ಲ. ಜಲಚಿಕಿತ್ಸೆಯ ಜಾಣತನವಿರುವುದು ಆ ಅಲ್ಪಾವಧಿಯನ್ನು ಬಳಸಿಕೊಳ್ಳುವುದರಲ್ಲಿ. ನೀರಿನಿಂದ ಮೇಲೆ ಬಂದೊಡನೆ ಮೈಯೊರೆಸಿ, ಕಾಲುಗಳನ್ನು ಹಿಗ್ಗಿಸುವ ವ್ಯಾಯಾಮ ಮಾಡಿಸಿ, ಕಾಲುಪಟ್ಟಿ ತೊಡಿಸಿ ನಿಲ್ಲಿಸಿದರೆ ಫಲವಿದೆ. ಕೊಳದಿಂದ ನೇರವಾಗಿ ಬಸ್ಸು ಹತ್ತಿಸಿ ಮನೆಗೆ ಕರೆದೊಯ್ದರೆ ಅರ್ಧ ಪ್ರಯೋಜನ ದಾರಿಯಲ್ಲೇ ಕಳೆದುಹೋಗುತ್ತದೆ.

ಈ ವಿಷಯದಲ್ಲಿ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ಕ್ರಮವೊಂದರ ಮೂಲ ತಿಳಿಯತಕ್ಕದ್ದಾಗಿದೆ. ಲಂಡನ್ನಿನ ಉತ್ತರ ಭಾಗದ ಸೌತ್‌ಗೇಟ್‌ನಲ್ಲಿ ಹ್ಯಾಲಿವಿಕ್ ಎಂಬ, ಅಂಗವಿಕಲ ಬಾಲಕಿಯರ ಶಾಲೆಯೊಂದಿತ್ತು. 1949ರಲ್ಲಿ ಅಲ್ಲಿಯ ಬಾಲಕಿಯರಿಗೆ ಈಜು ಕಲಿಸತೊಡಗಿದ ಜೇಮ್ಸ್ ಮ್ಯಾಕ್‌ಮಿಲನ್ ವೈದ್ಯರಲ್ಲ. ದ್ರವಗಳ ಚಲನೆಯ ಶಾಸ್ತ್ರವನ್ನು ಬಲ್ಲ ಎಂಜಿನಿಯರ್. ಮಗುವಿನ ಕಾಯಿಲೆಯ ಹೆಸರನ್ನು ಅವರು ಕೇಳಲಿಲ್ಲ. ನೀರಿನಲ್ಲಿ ಆ ದೇಹ ಹೇಗೆ ವರ್ತಿಸುತ್ತದೆಂಬುದನ್ನು ನೋಡಿದರು. ಎಡ ಬಲಗಳು ಸಮನಾಗಿಲ್ಲದ ದೇಹ ನೀರಿನಲ್ಲಿ ತಾನಾಗಿಯೇ ಒಂದು ಬದಿಗೆ ಉರುಳುತ್ತದೆ. ಹಾಗಿರುವಾಗ ಮೊದಲು ಕಲಿಸಬೇಕಾದದ್ದು ಕೈಬಡಿಯುವುದನ್ನಲ್ಲ, ಉರುಳುವಿಕೆಯನ್ನು ತಲೆಯ ಚಲನೆಯಿಂದ ತಡೆಯುವುದನ್ನು, ಬೇಕೆಂದಾಗ ಉರುಳಿ ಅಂಗಾತನಾಗುವುದನ್ನು. ನೀರಿಗೆ ಮನಸ್ಸು ಒಗ್ಗುವುದರಿಂದ ಆರಂಭವಾಗಿ ಸರಳವಾದ ಈಜಿನವರೆಗೆ ಅವರು ರೂಪಿಸಿದ 10 ಹಂತಗಳ ಪಾಠ ಇಂದಿಗೂ ಹ್ಯಾಲಿವಿಕ್ ಕ್ರಮವೆಂದೇ ಪ್ರಸಿದ್ಧ. ಅದರ ನಿಯಮ ಒಂದು ಮಗುವಿಗೆ ನೀರಿನೊಳಗೆ ಒಬ್ಬ ಸಹಾಯಕ. ಎಲ್ಲರೂ ವೃತ್ತವಾಗಿ ನಿಂತು ಹಾಡು, ಆಟಗಳ ಮೂಲಕ ಕಲಿಯುವುದು. ಮತ್ತು ತೇಲುವ ಸಾಧನಗಳನ್ನು ಕಟ್ಟದಿರುವುದು.

ಕೊನೆಯ ನಿಯಮ ನಮ್ಮ ರೂಢಿಗೆ ತೀರ ಹೊಸದು. ಬೆನ್ನಿಗೆ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು ನಮ್ಮ ಹಿರಿಯರು. ಗಟ್ಟಿಮುಟ್ಟಾದ ಹುಡುಗನಿಗೆ ಅದು ಸಾಕು. ಎರಡು ವಾರಗಳಲ್ಲಿ ಬೆಂಡನ್ನು ಬಿಚ್ಚಿ ಎಸೆಯುತ್ತಾನೆ. ಸಮತೋಲವೇ ಸಮಸ್ಯೆಯಾಗಿರುವ ಮಗು ಬೆಂಡಿನ ಸಮತೋಲವನ್ನು ಕಲಿಯುತ್ತದೆಯೇ ಹೊರತು ತನ್ನ ದೇಹದ್ದನ್ನಲ್ಲ. ಅಂಗಡಿಗಳಲ್ಲಿ ದೊರೆಯುವ ಗಾಳಿ ತುಂಬಿದ ತೋಳುಪಟ್ಟಿಗಳಂತೂ ಮಗುವನ್ನು ನೀರಿನಲ್ಲಿ ಕಂಬದಂತೆ ನೆಟ್ಟಗೆ ನಿಲ್ಲಿಸುತ್ತವೆ, ಮುಳುಗುವವನ ಭಂಗಿಯದು. ತಲೆಯನ್ನು ತಾನೇ ಎತ್ತಲಾರದ ಮಕ್ಕಳಿಗೆ ಕುತ್ತಿಗೆಯ ಆಸರೆ ಬೇಕಾಗುವ ಪ್ರಸಂಗಗಳುಂಟು. ಅದನ್ನು ನಿರ್ಧರಿಸಬೇಕಾದವರು ಫಿಸಿಯೋಥೆರಪಿಸ್ಟರು, ಅಂಗಡಿಯವರಲ್ಲ.

ಫಲದ ವಿಷಯದಲ್ಲಿ ಪ್ರಾಮಾಣಿಕವಾಗಿ ಮಾತನಾಡಬೇಕು. ಸೆರೆಬ್ರಲ್ ಪಾಲ್ಸಿಯ ಮಕ್ಕಳಲ್ಲಿ ಕುಳಿತುಕೊಳ್ಳುವ, ನಿಲ್ಲುವ, ನಡೆಯುವ ಸಾಮರ್ಥ್ಯ ಒಂದಿಷ್ಟು ಸುಧಾರಿಸಿದುದನ್ನು, ಆಟಿಸಂ ಮಕ್ಕಳಲ್ಲಿ ಈಜಿನ ಕೌಶಲದೊಂದಿಗೆ ಇತರರೊಡನೆ ಬೆರೆಯುವ ಗುಣವೂ ಕೆಲಮಟ್ಟಿಗೆ ಹೆಚ್ಚಿದುದನ್ನು ಅಧ್ಯಯನಗಳು ತೋರಿಸಿವೆ. ಆದರೆ ಈ ಅಧ್ಯಯನಗಳಲ್ಲಿ ಬಹುಪಾಲು ಸಣ್ಣವು, ಕೆಲವೇ ಮಕ್ಕಳನ್ನು ಕೆಲವೇ ವಾರಗಳ ಕಾಲ ಗಮನಿಸಿದಂಥವು. ಇವುಗಳಿಂದ ಹೊರಡುವ ತೀರ್ಮಾನ ಇಷ್ಟೇ: ನೀರು ಒಳ್ಳೆಯ ಸಹಾಯಕ, ಅದು ವೈದ್ಯನಲ್ಲ. ಮೆದುಳಿಗೆ ಆದ ಹಾನಿಯನ್ನು ಅದು ಅಳಿಸದು. ಆಟಿಸಂ ಅನ್ನು ತೊಡೆದು ಹಾಕದು. ಇಷ್ಟು ದಿನಗಳಲ್ಲಿ ನಡೆಸುತ್ತೇವೆ, ಮಾತು ಬರಿಸುತ್ತೇವೆಂದು ಮುಂಗಡವಾಗಿ ಹಣ ಕಟ್ಟಿಸಿಕೊಳ್ಳುವ ಕೇಂದ್ರದಿಂದ ಪೋಷಕರು ಅಂದೇ ಎದ್ದು ಬರುವುದು ಕ್ಷೇಮ. ನೆಲದ ಮೇಲಿನ ಫಿಸಿಯೋಥೆರಪಿ, ವಾಕ್‌ಚಿಕಿತ್ಸೆ, ಶಾಲೆ ಇವುಗಳಲ್ಲಿ ಒಂದನ್ನು ನಿಲ್ಲಿಸಿ ಆ ಹಣವನ್ನು ನೀರಿಗೆ ಹಾಕುವುದು ಯಾವ ದೃಷ್ಟಿಯಿಂದಲೂ ವಿವೇಕವಲ್ಲ.

ಹಾಗಿದ್ದೂ ಈ ಮಕ್ಕಳು ನೀರಿಗಿಳಿಯಲೇಬೇಕೆಂದು ಒತ್ತಿ ಹೇಳಲು ಕಾರಣವಿದೆ. ನೀರು ಇವರನ್ನು ಕರೆಯುತ್ತದೆ. ಆಟಿಸಂ ಇರುವ ಮಕ್ಕಳಲ್ಲಿ ಅನೇಕರಿಗೆ ಹೊಳೆಯುವ, ಅಲುಗಾಡುವ ನೀರಿನ ಮೇಲೆ ವಿಪರೀತ ಸೆಳೆತ. ಅಪಾಯದ ಅರಿವು ಕಡಿಮೆ. ಮನೆಯವರ ಕಣ್ಣು ತಪ್ಪಿಸಿ ಹೊರಟುಬಿಡುವ ಸ್ವಭಾವವೂ ಕೆಲವರಲ್ಲುಂಟು. ಹೀಗೆ ಮನೆಬಿಟ್ಟು ಅಲೆದ ಮಕ್ಕಳ ಸಾವಿಗೆ ನೀರಿನಲ್ಲಿ ಮುಳುಗುವುದೇ ಪ್ರಮುಖ ಕಾರಣವೆಂದು ಅಮೆರಿಕದಲ್ಲಿ ಗುರುತಿಸಿದ್ದಾರೆ. ನಮ್ಮ ನಾಡಿನ ಹಳ್ಳಿಗಳನ್ನು ನೆನೆಯಿರಿ. ಕೆರೆ, ಕಾಲುವೆ, ಕಟ್ಟೆಯಿಲ್ಲದ ಬಾವಿಗಳು ಮೊದಲಿನಿಂದಲೂ ಇದ್ದವು. 2014ರ ನಂತರ ಕೃಷಿ ಭಾಗ್ಯ ಯೋಜನೆಯಿಂದಾಗಿ ಒಣಭೂಮಿಯ ಹೊಲಗಳಲ್ಲಿ ಕೃಷಿಹೊಂಡಗಳು ಹೆಚ್ಚಿದವು. ರೈತನಿಗೆ ಅವು ವರವೇ ಸರಿ. ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಅವುಗಳ ಇಳಿಜಾರು ಎಷ್ಟು ಜಾರುತ್ತದೆಂದರೆ, ಈಜು ಬಲ್ಲ ವಯಸ್ಕನಿಗೂ ಹಗ್ಗವಿಲ್ಲದೆ ಮೇಲೇರುವುದು ಕಷ್ಟ. ಮಾತು ಬಾರದ ಮಗು ಅಲ್ಲಿ ಜಾರಿದರೆ ಕೂಗಿ ಕರೆಯುವಂತಿಲ್ಲ. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈಬೀಸಿ ಅರಚುವುದು ಎಲ್ಲೋ ಅಪರೂಪ. ಮಾತು ಬಲ್ಲವರೂ ಸದ್ದಿಲ್ಲದೆ, ಒಂದೆರಡು ನಿಮಿಷಗಳಲ್ಲಿ ಮುಳುಗುತ್ತಾರೆ.

ಆದ್ದರಿಂದ ಪಾಠದ ಅನುಕ್ರಮವನ್ನು ಪೋಷಕರು ಕೇಳಿ ತಿಳಿಯಬೇಕು. ನಾಲ್ಕು ಬಗೆಯ ಈಜು ಆಮೇಲಿನ ಮಾತು. ಬಿದ್ದೊಡನೆ ಅಂಗಾತ ಉರುಳಿ, ಬಾಯಿ ಮೂಗು ಮೇಲಿರುವಂತೆ ತೇಲುತ್ತ ಉಸಿರಾಡುವುದು. ತಿರುಗಿ ಅಂಚನ್ನು ಹಿಡಿಯುವುದು. ಅಂಚು ಹಿಡಿದು ಮೆಟ್ಟಿಲಿನತ್ತ ಸರಿಯುವುದು, ಇವು ಮೊದಲು. ಮೈಮೇಲೆ ನಿತ್ಯದ ಉಡುಪಿದ್ದಾಗಲೂ ಇವನ್ನು ಅಭ್ಯಾಸ ಮಾಡಿಸಬೇಕು; ಹೊಂಡಕ್ಕೆ ಬೀಳುವ ಮಗು ಈಜುಡುಗೆ ತೊಟ್ಟು ಬೀಳುವುದಿಲ್ಲ. ಇದರ ಜೊತೆಗೆ, ದೊಡ್ಡವರು ಹೇಳುವವರೆಗೆ ಅಂಚಿನಲ್ಲಿ ಕಾಯುವುದನ್ನು ಪ್ರತಿದಿನ ಒಂದೇ ಮಾತಿನಲ್ಲಿ, ಬೇಕಾದರೆ ಒಂದೇ ಚಿತ್ರ ತೋರಿಸಿ ರೂಢಿಸಬೇಕು. ಈ ಕೊನೆಯದು ಬಹು ಮುಖ್ಯ. ಏಕೆಂದರೆ ನೀರಿನ ಭಯ ಕಳೆದ ಮಗು ನೀರಿನತ್ತ ಇನ್ನಷ್ಟು ವಾಲಬಹುದು. ಈಜು ಬಂದಿತೆಂದು ಹೊಂಡದ ತಂತಿಬೇಲಿಯನ್ನಾಗಲಿ ಮನೆಯವರ ನಿಗಾವನ್ನಾಗಲಿ ಸಡಿಲಿಸುವಂತಿಲ್ಲ.

ನೀರಿಗಿಳಿಸುವ ಮುನ್ನ ವೈದ್ಯರ ತಪಾಸಣೆ ಕಡ್ಡಾಯ. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದ ಹೃದಯದ ದೋಷವಿರುತ್ತದೆ. ಕೆಲವರಲ್ಲಿ ಕತ್ತಿನ ಮೇಲ್ಭಾಗದ ಮೂಳೆಗಳ ಕೀಲು ಸಡಿಲವಾಗಿರುವುದರಿಂದ ತಲೆಕೆಳಗಾಗಿ ಧುಮುಕುವುದು ಬೆನ್ನುಹುರಿಗೆ ಅಪಾಯಕಾರಿ. ಮೂರ್ಛೆರೋಗ ಹತೋಟಿಗೆ ಬಾರದ ಮಗುವನ್ನು ಇಳಿಸಬಾರದು. ಹತೋಟಿಯಲ್ಲಿರುವ ಮಗುವಿನ ಜೊತೆ ಕೈಯಳತೆಯಲ್ಲಿ ಒಬ್ಬರು ಸದಾ ಇರಬೇಕು. ನೀರಿನಲ್ಲಿಯೇ ಸೆಳವು ಬಂದರೆ ಮುಖ ಮೇಲ್ಮುಖವಾಗಿರುವಂತೆ ತಲೆಯನ್ನು ಎತ್ತಿ ಹಿಡಿದು, ಸೆಳವು ನಿಂತ ಮೇಲೆ ಹೊರತೆಗೆದು, ಮಗು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಒಯ್ಯಬೇಕು. ಶ್ವಾಸಕೋಶಕ್ಕೆ ನೀರು ಹೋಗಿರಬಹುದು. ಉಸಿರಾಟದ ಸ್ನಾಯುಗಳು ತೀರ ದುರ್ಬಲವಾಗಿರುವ ಮಗುವಿನ ಎದೆಯ ಮೇಲೆ ನೀರಿನ ಒತ್ತಡವೂ ಭಾರವೇ. ಬೆನ್ನುಹುರಿಯ ದೋಷದಿಂದ ಪಾದಗಳಲ್ಲಿ ಸ್ಪರ್ಶಜ್ಞಾನವಿಲ್ಲದವರಿಗೆ ಕೊಳದ ಒರಟು ನೆಲ ತರಚಿದ್ದೂ ತಿಳಿಯದು. ಕಾಲುಚೀಲ ತೊಡಿಸಿ ಇಳಿಸಬೇಕು. ಜ್ವರ, ಭೇದಿ, ಕಿವಿಸೋರಿಕೆ, ತೆರೆದ ಗಾಯಗಳಿದ್ದ ದಿನ ಬಿಡುವು. ಕೊಳದ ನೀರಿನಲ್ಲಿ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8 ಇರಬೇಕು. ಅಂದಿನ ಅಳತೆಯನ್ನು ಹಲಗೆಯ ಮೇಲೆ ಬರೆಯದ ಕೊಳದವರನ್ನು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.

ಇವೆಲ್ಲವನ್ನೂ ಪಾಲಿಸಲು ಸಿದ್ಧರಾಗಿ ಬರುವ ತಾಯಿಗೆ ನಮ್ಮ ಊರುಗಳ ಕೊಳಗಳಲ್ಲಿ ಎದುರಾಗುವುದೇನು? ನಗರವೊಂದರ ಕೊಳದಲ್ಲಿ, ಇತರ ಮಕ್ಕಳ ಪೋಷಕರು ಆಕ್ಷೇಪಿಸುತ್ತಾರೆಂಬ ಒಂದೇ ಕಾರಣಕ್ಕೆ ಡೌನ್ ಸಿಂಡ್ರೋಮ್ ಇರುವ ಬಾಲಕಿಯನ್ನು ಹಿಂದಕ್ಕೆ ಕಳಿಸಿದುದನ್ನು ಬಲ್ಲೆವು. ಈ ಸ್ಥಿತಿಗಳು ನೀರಿನಿಂದ ಹರಡುವ ರೋಗಗಳಲ್ಲವೆಂಬುದನ್ನು 21ನೆಯ ಶತಮಾನದಲ್ಲಿಯೂ ಬರೆದು ತಿಳಿಸಬೇಕಾಗಿದೆ. ಮಗು ನೀರಿನಲ್ಲಿ ಮಲಮೂತ್ರ ಮಾಡಿಕೊಂಡೀತೆಂಬ ಅಂಜಿಕೆಗೆ ಉತ್ತರವುಂಟು. ಅದಕ್ಕೆಂದೇ ಬಿಗಿಯಾದ ಈಜುಲಂಗೋಟಿಗಳಿವೆ, ಇಳಿಯುವ ಮುನ್ನ ಶೌಚಕ್ಕೆ ಕರೆದೊಯ್ಯುವ ಪದ್ಧತಿಯಿದೆ. ಅದೂ ಅಲ್ಲದೆ, ಯಾವ ದೋಷವೂ ಇಲ್ಲದ ಪುಟ್ಟ ಮಕ್ಕಳು ಬೇಸಿಗೆ ಶಿಬಿರಗಳಲ್ಲಿ ಮಾಡುವುದನ್ನು ಯಾರೂ ಲೆಕ್ಕವಿಡುವುದಿಲ್ಲ!

ಬಾಗಿಲು ದಾಟಿದರೂ ತೊಡಕು ತೀರದು. 13 ವರ್ಷದ ಮಗನ ಬಟ್ಟೆಯನ್ನು ತಾನೇ ಬದಲಿಸಬೇಕಾದ ತಾಯಿ ಯಾವ ಕೋಣೆಗೆ ಹೋಗಬೇಕು? ಗಂಡಸರ ಕೋಣೆಗೆ ಆಕೆ ಹೋಗುವಂತಿಲ್ಲ, ಹೆಂಗಸರ ಕೋಣೆಗೆ ಅವನು ಬರುವಂತಿಲ್ಲ. ಎಷ್ಟೋ ಕುಟುಂಬಗಳು ಮಗನಿಗೆ ಮೀಸೆ ಮೂಡುವ ವಯಸ್ಸಿಗೆ ಈಜನ್ನು ನಿಲ್ಲಿಸುವುದು ಇದೊಂದೇ ಕಾರಣಕ್ಕೆ. ಮಗುವಿನೊಡನೆ ನೀರಿಗಿಳಿಯಬೇಕಾದವಳು ಸಾಮಾನ್ಯವಾಗಿ ತಾಯಿ. ಆದರೆ ಕೊಳದ ನಿಯಮ ಈಜುಡುಗೆಯನ್ನು ಕೇಳುತ್ತದೆ, ಆಕೆಯ ಸಂಕೋಚ ಬೇರೊಂದನ್ನು ಕೇಳುತ್ತದೆ. ಮೈತುಂಬ ಮುಚ್ಚುವ ನೈಲಾನ್ ಉಡುಪಿಗೆ ಅನುಮತಿ ಕೊಟ್ಟರೆ ನೀರೂ ಕೆಡದು, ಮಾನವೂ ಉಳಿದೀತು. ಕೊಳಕ್ಕಿಳಿಯಲು ಹಲವೆಡೆ ಇರುವುದು ಗೋಡೆಗಂಟಿದ ಕಬ್ಬಿಣದ ಏಣಿ. ಕಾಲಿಗೆ ಬಲವಿಲ್ಲದವರಿಗೆ ಅದರಿಂದ ಉಪಯೋಗವಿಲ್ಲ. ಅಗಲವಾದ ಮೆಟ್ಟಿಲು, ಹಿಡಿಯಲು ಕಂಬಿ, ಸಾಧ್ಯವಾದರೆ ಇಳಿಜಾರು ಬೇಕು.

ಇವನ್ನು ಕೇಳುವುದು ಭಿಕ್ಷೆಯಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಒಟ್ಟು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ತಾರತಮ್ಯವನ್ನು 3ನೆಯ ಪ್ರಕರಣದಲ್ಲಿ ನಿಷೇಧಿಸಿದೆ. 30ನೆಯ ಪ್ರಕರಣದಲ್ಲಿ ಕ್ರೀಡಾ ಚಟುವಟಿಕೆಗಳಲ್ಲಿ ಇವರು ಪಾಲ್ಗೊಳ್ಳುವಂತೆ ಸೌಕರ್ಯಗಳನ್ನು ಮಾರ್ಪಡಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಸಾರ್ವಜನಿಕ ಹಣದಿಂದ ನಡೆಯುವ ಕೊಳದಲ್ಲಿ ಪ್ರವೇಶ ನಿರಾಕರಿಸಿದರೆ ಲಿಖಿತ ಕಾರಣ ಕೇಳಿ, ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ನೀಡಲು ಅವಕಾಶವಿದೆ.

ನೀರು ಏನು ಮಾಡೀತೆಂಬುದಕ್ಕೆ ಹೊರದೇಶದ ನಿದರ್ಶನಗಳೇ ಬೇಕಾಗಿಲ್ಲ. ಬೆಂಗಳೂರಿನ ನಿರಂಜನ್ ಮುಕುಂದನ್ ಬೆನ್ನುಹುರಿಯ ಹುಟ್ಟುದೋಷ, ತಿರುಚಿದ ಪಾದಗಳೊಂದಿಗೆ ಜನಿಸಿದವರು. ಬಾಲ್ಯದಲ್ಲಿ ವೈದ್ಯರು ಚಿಕಿತ್ಸೆಯಾಗಿ ಸೂಚಿಸಿದ್ದರಿಂದ ನೀರಿಗಿಳಿದರು. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಈಜಿದರು. ಅದೇ ನಗರದ ಶರತ್ ಗಾಯಕ್‌ವಾಡ್ 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 6 ಪದಕಗಳನ್ನು ಗೆದ್ದರು. ಆದರೂ ಪದಕಗಳ ಮಾತನ್ನು ಇಲ್ಲಿಗೇ ಬಿಡುವುದು ಲೇಸು. ಪದಕ ತರಲಾರದ ಸಾವಿರಾರು ಮಕ್ಕಳಿಗೂ ಕೊಳದ ಮೇಲೆ ಅಷ್ಟೇ ಹಕ್ಕಿದೆ.

ಆರಂಭಿಸಲು ಬೇಕಾದದ್ದು ಹೆಚ್ಚೇನಿಲ್ಲ. ಹೆಚ್ಚಿನ ಕೊಳಗಳು ಬಿಸಿ ಮಾಡುವ ಯಂತ್ರವಿಲ್ಲದವು, ನಿಜ. ಹಾಸನದಲ್ಲೋ ಮಡಿಕೇರಿಯಲ್ಲೋ ಮಾಗಿಯ ಚಳಿಯಲ್ಲಿ ಮಕ್ಕಳನ್ನು ಇಳಿಸುವಂತೆಯೇ ಇಲ್ಲ. ಆದರೆ ಕಲಬುರಗಿ, ರಾಯಚೂರು, ಬಳ್ಳಾರಿಗಳ ಬೇಸಿಗೆಯಲ್ಲಿ ದಿನವಿಡೀ ಬಿಸಿಲುಂಡ ಕೊಳದ ನೀರು ಸಂಜೆಯ ಹೊತ್ತಿಗೆ ತಾನೇ ಬೆಚ್ಚಗಾಗಿರುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ವಾರಕ್ಕೆರಡು ದಿನ ಒಂದೊಂದು ಗಂಟೆಯನ್ನು ಈ ಮಕ್ಕಳಿಗೆಂದು ಬಿಟ್ಟುಕೊಟ್ಟರೆ ಸಾಕು. ಬಯಲು ಕೊಳವಾದರೆ ನಡುಹಗಲ ಬಿಸಿಲನ್ನು ತಪ್ಪಿಸಿ, 20ರಿಂದ 30 ನಿಮಿಷದಲ್ಲಿ ಮೇಲೆತ್ತಿ, ತುಟಿ ನೀಲಿಯಾದರೆ ಅದಕ್ಕೂ ಮೊದಲೇ ಎತ್ತಿ, ಒಣಬಟ್ಟೆ ಹೊದಿಸಬೇಕು. ನಾಡಿನ ಮಠಗಳೂ ವಿದ್ಯಾವರ್ಧಕ ಸಂಘಗಳೂ ನಡೆಸುವ ಕಾಲೇಜುಗಳಲ್ಲಿ ಕೆಲವಕ್ಕೆ ಸ್ವಂತ ಕೊಳಗಳಿವೆ, ಕೆಲವಕ್ಕೆ ಫಿಸಿಯೋಥೆರಪಿ ವಿಭಾಗಗಳಿವೆ. ಒಂದು ಮಗುವಿಗೆ ಒಬ್ಬ ಸಹಾಯಕನೆಂಬ ನಿಯಮಕ್ಕೆ ಬೇಕಾದ ಕೈಗಳು ಆ ವಿದ್ಯಾರ್ಥಿಗಳಲ್ಲಿ ಸಿಗುತ್ತವೆ, ಅವರಿಗೆ ಅದು ಪಾಠವೂ ಆದೀತು. ಮೇಲ್ವಿಚಾರಣೆಗೆ ಒಬ್ಬ ಅನುಭವಿ ಫಿಸಿಯೋಥೆರಪಿಸ್ಟ್, ದಡದಲ್ಲಿ ಕಣ್ಣಿಟ್ಟು ನಿಲ್ಲುವ ಒಬ್ಬ ಜೀವರಕ್ಷಕ ಇರಲೇಬೇಕು. ಮಕ್ಕಳೆಲ್ಲಿದ್ದಾರೆಂದು ಹುಡುಕುವ ಶ್ರಮವೂ ಇಲ್ಲ. ಗ್ರಾಮ ಪಂಚಾಯಿತಿಗಳ ಪುನರ್ವಸತಿ ಕಾರ್ಯಕರ್ತರ ಬಳಿ ಮನೆಮನೆಯ ಪಟ್ಟಿಯಿದೆ. ಬಟ್ಟೆ ಬದಲಿಸಲು ಕುಟುಂಬಕ್ಕೊಂದು ಪ್ರತ್ಯೇಕ ಕೋಣೆ ಕಟ್ಟುವವರೆಗೆ, ನಾಲ್ಕು ಬಿದಿರು ನೆಟ್ಟು ಸುತ್ತ ಪರದೆ ಕಟ್ಟಿದರೂ ಈ ಬೇಸಿಗೆಗೆ ನಡೆದೀತು.